ಟೊರೆಂಟ್ ಏಕೆ ತೆವಳುತ್ತದೆ: ನಂಬಿಕೆ ಒಂದು, ನಿಜ ಇನ್ನೊಂದು

ಯೂಟ್ಯೂಬ್ ಎಲ್ಲೂ ನಿಲ್ಲದೆ ಓಡುತ್ತದೆ, ಅದೇ ಲೈನಿನಲ್ಲಿ ಟೊರೆಂಟ್ ಮಾತ್ರ ತೆವಳುತ್ತದೆ. ಮದ್ದೂರು ತಾಲ್ಲೂಕಿನ ಆತಗೂರು ಹೋಬಳಿಯಂಥ ಕಡೆ ಮೊಬೈಲ್ ಹಾಟ್‌ಸ್ಪಾಟ್ ಹಿಡಿದು ಕಂಪ್ಯೂಟರ್ ಬಳಸುವವರಿಗೂ, ಫೈಬರ್ ಎಳೆಸಿಕೊಂಡವರಿಗೂ ಈ ಒಗಟು ಒಂದೇ. ಯೂಟ್ಯೂಬಿನ ಜನಪ್ರಿಯ ವೀಡಿಯೊಗಳ ನಕಲನ್ನು ಇಂಟರ್ನೆಟ್ ಕಂಪನಿಗಳ ಜಾಲದೊಳಗೇ ಸರ್ವರ್ ಇಟ್ಟು ಹತ್ತಿರದಿಂದ ಬಡಿಸುತ್ತಾರೆ. ಟೊರೆಂಟ್‌ಗೆ ಅಂಥ ಅಡುಗೆಮನೆ ಇಲ್ಲ. 2001ರಲ್ಲಿ ಬ್ರಾಮ್ ಕೋಹೆನ್ ಬಿಟ್‌ಟೊರೆಂಟ್ ರೂಪಿಸಿದಾಗಿನಿಂದ ಅದರ ಲೆಕ್ಕ ಬೇರೆ: ಫೈಲನ್ನು ಸಣ್ಣ ತುಂಡುಗಳಾಗಿ ಒಡೆದು, ಪಡೆಯುವವರೇ ಒಬ್ಬರಿಗೊಬ್ಬರು ಹಂಚಿಕೊಳ್ಳುತ್ತಾರೆ. ಇಲ್ಲಿ ವೇಗ ನಿಮ್ಮ ಪ್ಲಾನಿನಿಂದಷ್ಟೇ ಬರುವುದಿಲ್ಲ, ಕೊಡುವ ಜನರಿಂದಲೂ ಬರುತ್ತದೆ. ಇದು ಮನಸ್ಸಿಗೆ ಹತ್ತದಿದ್ದರೆ ಪರಿಹಾರವನ್ನು ತಪ್ಪು ಜಾಗದಲ್ಲೇ ಹುಡುಕುತ್ತಿರುತ್ತೇವೆ.

“ನೂರು ಎಂಬಿ ಪ್ಲಾನ್ ಹಾಕ್ಸಿವ್ನಿ, ಹನ್ನೆರಡರ ಮೇಲೆ ಹೋಗ್ತಾನೇ ಇಲ್ಲ”

ಹೋಗುವುದೂ ಇಲ್ಲ, ಮೋಸವೂ ಆಗಿಲ್ಲ. ಪ್ಲಾನಿನ ನೂರು ಎಂದರೆ ಮೆಗಾಬಿಟ್. ಟೊರೆಂಟ್ ತಂತ್ರಾಂಶ ತೋರಿಸುವುದು ಮೆಗಾಬೈಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್, ಹಾಗಾಗಿ 100 ಮೆಗಾಬಿಟ್ ಲೈನಿನ ಗರಿಷ್ಠ ವೇಗ ಸೆಕೆಂಡಿಗೆ 12.5 ಮೆಗಾಬೈಟ್. ನಿಮ್ಮ ಪರದೆಯಲ್ಲಿ 11 ಕಾಣುತ್ತಿದ್ದರೆ ಸರಿಪಡಿಸಬೇಕಾದದ್ದು ಏನೂ ಇಲ್ಲ.

“ಅಪ್‌ಲೋಡ್ ಆಫ್ ಮಾಡ್ಬುಡು, ಡೌನ್‌ಲೋಡ್ ಜೋರಾಯ್ತದೆ”

ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಸಲಹೆ ಇದು, ಎಲ್ಲಕ್ಕಿಂತ ಹೆಚ್ಚು ಕೆಡಿಸುವುದೂ ಇದೇ. ನಮ್ಮ ಕಡೆ ನಾಟಿ, ಕಳೆ, ಕಬ್ಬಿನ ಕೆಲಸಕ್ಕೆ ಮುಯ್ಯಾಳು ಪದ್ಧತಿ ಇತ್ತಲ್ಲ, ಬಿಟ್‌ಟೊರೆಂಟ್ ನಡೆಯುವುದು ಅದೇ ಧರ್ಮದ ಮೇಲೆ. ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಇನ್ನೂ ಪೂರ್ತಿ ಫೈಲ್ ಸಿಗದ ಪ್ರತಿ ಕಂಪ್ಯೂಟರ್ ಸುಮಾರು ಹತ್ತು ಸೆಕೆಂಡಿಗೊಮ್ಮೆ ಲೆಕ್ಕ ಹಾಕುತ್ತದೆ: ನನಗೆ ಯಾರಿಂದ ಹೆಚ್ಚು ಬರುತ್ತಿದೆ? ಹೆಚ್ಚು ಕೊಟ್ಟವರಿಗೆ ತನ್ನ ಬಾಗಿಲು ತೆರೆದಿಟ್ಟು, ಉಳಿದವರನ್ನು ಸದ್ಯಕ್ಕೆ ಕಾಯಿಸುತ್ತದೆ. ಹೊಸಬರಿಗೂ ಒಂದು ಅವಕಾಶ ಇರಲಿ ಎಂದು ಸುಮಾರು ಮೂವತ್ತು ಸೆಕೆಂಡಿಗೊಮ್ಮೆ ಯಾರಾದರೂ ಒಬ್ಬರಿಗೆ ಸುಮ್ಮನೆ ಕೊಟ್ಟು ನೋಡುತ್ತದೆ. ಅಪ್‌ಲೋಡ್ ನಿಲ್ಲಿಸಿದವರು ಇಂಥ ಕಂಪ್ಯೂಟರ್‌ಗಳಿಂದ ಪಡೆಯಲು ಈ ಪುಕ್ಕಟೆ ಸರದಿಗಾಗಿಯೇ ಕಾದು ಕೂರಬೇಕು.

ಆದರೆ ಈ ಸಲಹೆ ಹುಟ್ಟಿದ್ದು ಗಾಳಿಯಿಂದಲ್ಲ. ಅಪ್‌ಲೋಡ್‌ಗೆ ಮಿತಿಯನ್ನೇ ಹಾಕದೆ ಬಿಟ್ಟರೂ ಡೌನ್‌ಲೋಡ್ ಕುಸಿಯುತ್ತದೆ. ಕಾರಣ ಇದು: ನಿಮಗೆ ಬರುವ ಡೇಟಾ ಪೊಟ್ಟಣಗಳಿಗೆ ಆಗಾಗ ‘ಸೇರಿತು’ ಎಂಬ ಒಂದು ಪುಟ್ಟ ಉತ್ತರ ವಾಪಸ್ಸು ಹೋಗಬೇಕು. ಆ ಉತ್ತರ ಹೋಗುವುದು ಅಪ್‌ಲೋಡ್ ದಾರಿಯಲ್ಲೇ. ದಾರಿ ತುಂಬಿದ್ದರೆ ಉತ್ತರ ತಡವಾಗುತ್ತದೆ, ಕಳಿಸುವವರು ಕೈ ಬಿಗಿಹಿಡಿಯುತ್ತಾರೆ. ಮೊಬೈಲ್ ಸಂಪರ್ಕದಲ್ಲಿ ಅಪ್‌ಲೋಡ್ ಸಾಮಾನ್ಯವಾಗಿ ಡೌನ್‌ಲೋಡಿಗಿಂತ ಬಹಳ ಕಿರಿದು, ಆದ್ದರಿಂದ ಹಾಟ್‌ಸ್ಪಾಟ್ ಬಳಸುವವರಿಗೆ ಈ ಪೆಟ್ಟು ಮೊದಲು ಬೀಳುತ್ತದೆ. ಇಂಥ ದಟ್ಟಣೆ ಕಂಡೊಡನೆ ತಾನೇ ಹಿಂದೆ ಸರಿಯುವ ‘ಯುಟಿಪಿ’ ಎಂಬ ವ್ಯವಸ್ಥೆ ಈಗಿನ ತಂತ್ರಾಂಶಗಳಲ್ಲಿದೆ. ಆದರೂ ಕೈಯಾರೆ ಮಿತಿ ಹಾಕುವುದೇ ವಾಸಿ.

ಹಾಕುವ ಕ್ರಮ ಸುಲಭ. ಬೇರೆಲ್ಲ ನಿಲ್ಲಿಸಿ ಅಪ್‌ಲೋಡ್ ವೇಗವನ್ನು ಅಳೆಯಿರಿ. ಅದರಲ್ಲಿ ನೂರಕ್ಕೆ ಎಂಬತ್ತರಷ್ಟನ್ನು ಮಾತ್ರ ಟೊರೆಂಟ್‌ಗೆ ಬಿಡಿ. ಅಳೆದಾಗ 2 ಮೆಗಾಬಿಟ್ ಬಂದರೆ ಅದು ಸೆಕೆಂಡಿಗೆ 250 ಕಿಲೋಬೈಟ್. ಮಿತಿಯ ಜಾಗದಲ್ಲಿ 200 ಎಂದು ಬರೆಯಿರಿ. 10 ಮೆಗಾಬಿಟ್ ಬಂದರೆ 1000 ಬರೆಯಿರಿ. ಎಷ್ಟೋ ಜನರ ತೊಂದರೆ ಇಷ್ಟರಲ್ಲೇ ತೀರುತ್ತದೆ.

“ಪೋರ್ಟ್ ಓಪನ್ ಮಾಡಿದ್ರೆ ಸಾಕು”

ಹೊರಗಿನವರು ಒಳಬರಲು ರೂಟರ್‌ನಲ್ಲಿ ಪೋರ್ಟ್ ಎಂಬ ಬಾಗಿಲು ತೆರೆಯಿರಿ ಎಂದೇ ಹತ್ತು ವರ್ಷದ ಹಿಂದಿನ ಮಾರ್ಗದರ್ಶಿಗಳೆಲ್ಲ ಹೇಳುವುದು, ಆಗ ಅದು ಸರಿಯೂ ಇತ್ತು. ಈಗ ಮೊಬೈಲ್ ಕಂಪನಿಗಳೂ ಅನೇಕ ಫೈಬರ್ ಕಂಪನಿಗಳೂ ಒಂದೇ ಸಾರ್ವಜನಿಕ ಐಪಿ ವಿಳಾಸವನ್ನು ಹಲವು ಮನೆಗಳಿಗೆ ಹಂಚಿರುತ್ತವೆ. ಹಳೆಯ ಮಾದರಿಯ ಐಪಿ ವಿಳಾಸಗಳು ಜಗತ್ತಿನಲ್ಲೇ ಸಾಲದಾಗಿರುವುದು ಇದಕ್ಕೆ ಕಾರಣ. ನಿಮ್ಮ ಮನೆಯ ರೂಟರ್‌ನಲ್ಲಿ ಪೋರ್ಟ್ ತೆರೆದರೂ ಅದರಾಚೆ ಕಂಪನಿಯ ಬಾಗಿಲು ಮುಚ್ಚಿಯೇ ಇರುತ್ತದೆ. ನೀವು ಬೇರೆಯವರನ್ನು ಕರೆಯಬಹುದು, ಹೊರಗಿನವರು ತಾವಾಗಿ ನಿಮ್ಮನ್ನು ತಲುಪಲಾರರು. ಎರಡೂ ಕಡೆಯವರು ಹೀಗೆ ಬಾಗಿಲ ಹಿಂದಿದ್ದರೆ ಅವರಿಬ್ಬರ ನಡುವೆ ನಂಟು ಕೂಡುವುದು ಕಷ್ಟ. ಐವತ್ತು ಜನ ಕಂಡರೂ ಐದು ಜನ ಮಾತ್ರ ಸಿಗುವುದಕ್ಕೆ ಇದೂ ಒಂದು ಕಾರಣ.

ಪರೀಕ್ಷಿಸುವುದು ಹೀಗೆ: ರೂಟರ್‌ನ ಪುಟದಲ್ಲಿ ಹೊರಸಂಪರ್ಕದ ವಿಳಾಸ ಬರೆದಿರುತ್ತದೆ. ಅದು 100.64ರಿಂದ 100.127ರ ಒಳಗಿನ ಅಂಕಿಯಿಂದ ಶುರುವಾಗಿದ್ದರೆ ಹಂಚಿದ ವಿಳಾಸ ಎಂದೇ ಅರ್ಥ. ಐಪಿ ತೋರಿಸುವ ಯಾವುದಾದರೂ ಜಾಲತಾಣದಲ್ಲಿ ಕಾಣುವ ವಿಳಾಸಕ್ಕೂ ರೂಟರ್‌ನಲ್ಲಿರುವುದಕ್ಕೂ ಹೊಂದಿಕೆ ಇಲ್ಲದಿದ್ದರೂ ಅದೇ ಸೂಚನೆ. ಆಗ ಪೋರ್ಟಿನ ಹಿಂದೆ ಬಿದ್ದು ಸಂಜೆ ಕಳೆಯಬೇಡಿ. ಐಪಿವಿ6 ಸೌಲಭ್ಯ ಇದೆಯೇ ನೋಡಿ, ರೂಟರ್‌ನಲ್ಲೂ ತಂತ್ರಾಂಶದಲ್ಲೂ ಅದನ್ನು ಚಾಲೂ ಮಾಡಿ. ಅದರಲ್ಲಿ ಪ್ರತಿ ಸಾಧನಕ್ಕೂ ತನ್ನದೇ ವಿಳಾಸ ಸಿಗುತ್ತದೆ, ರೂಟರ್‌ನ ಫೈರ್‌ವಾಲ್‌ನಲ್ಲಿ ಅನುಮತಿ ಕೊಟ್ಟರೆ ಹೊರಗಿನವರೂ ಬರಬಲ್ಲರು. ಅದೂ ಇಲ್ಲದಿದ್ದರೆ ಕಂಪನಿಯಿಂದ ಪ್ರತ್ಯೇಕ ಐಪಿ ಕೇಳಿ ಪಡೆಯಬೇಕು, ಅದಕ್ಕೆ ಸಾಮಾನ್ಯವಾಗಿ ಹೆಚ್ಚು ದುಡ್ಡು ಕೊಡಬೇಕಾಗುತ್ತದೆ.

“ಕನೆಕ್ಷನ್ ಸಾವಿರಕ್ಕೆ ಏರ್ಸು, ಬೂಸ್ಟರ್ ಹಾಕು, ವಿಪಿಎನ್ ಹಾಕು”

ಅಗ್ಗದ ರೂಟರ್ ಸಾವಿರ ಸಂಪರ್ಕಗಳ ಲೆಕ್ಕ ಇಡಲಾರದೆ ಸುಸ್ತಾಗಿ, ಮನೆಯ ಫೋನುಗಳಿಗೂ ನೆಟ್ ಸಿಗದಂತಾಗುತ್ತದೆ. ಇನ್ನೂರರ ಆಸುಪಾಸು ಧಾರಾಳ. ಬೂಸ್ಟರ್ ಎಂಬ ಹೆಸರಿನ ತಂತ್ರಾಂಶಕ್ಕೆ ಇಲ್ಲದ ಸೀಡರ್‌ಗಳನ್ನು, ಅಂದರೆ ಪೂರ್ತಿ ಫೈಲ್ ಇಟ್ಟುಕೊಂಡು ಹಂಚುವವರನ್ನು, ಹುಟ್ಟಿಸುವ ಶಕ್ತಿ ಇಲ್ಲ; ವೈರಸ್ ತರುವ ಶಕ್ತಿ ಮಾತ್ರ ಇದೆ. ವಿಪಿಎನ್ ಎಲ್ಲವನ್ನೂ ಬೇರೊಂದು ಸರ್ವರ್ ಮೂಲಕ ಸುತ್ತಿಸಿ ದಾರಿಯನ್ನು ಉದ್ದ ಮಾಡುತ್ತದೆ. ಕಂಪನಿಯೇ ಟೊರೆಂಟನ್ನು ಗುರುತಿಸಿ ಹಿಡಿದಿಟ್ಟಿದ್ದಾಗ ಅದರಿಂದ ವೇಗ ಹೆಚ್ಚೀತು.

“99ಕ್ಕೆ ಬಂದು ನಿಂತೈತೆ, ನೆಟ್ ಕೆಟ್ಟೋಗೈತೆ”

ನೆಟ್ ಕೆಟ್ಟಿಲ್ಲ. ಸಾಮಾನ್ಯವಾಗಿ ಆಗಿರುವುದು ಇಷ್ಟು: ಕೊನೆಯ ತುಂಡು ಸದ್ಯ ನಿಮಗೆ ಸಿಕ್ಕಿರುವ ಯಾರ ಬಳಿಯೂ ಇಲ್ಲ. ತಂತ್ರಾಂಶದಲ್ಲಿ ಲಭ್ಯತೆ ಎಂಬ ಅಂಕಿ ಒಂದಕ್ಕಿಂತ ಕಡಿಮೆ ಇದ್ದರೆ ನಿಮಗೆ ಸಿಕ್ಕಿರುವವರೆಲ್ಲರ ತುಂಡು ಕೂಡಿಸಿದರೂ ಸದ್ಯ ಪೂರ್ತಿ ಫೈಲ್ ಆಗದು. ಯಾವ ಸೆಟ್ಟಿಂಗೂ ಇದಕ್ಕೆ ಮದ್ದಲ್ಲ. ಆ ತುಂಡು ಇರುವವರೊಬ್ಬರು ಬರಬೇಕು. ಇದು ನನಗೆ ನಿಜಕ್ಕೂ ನೋವು ತರುವ ಸಂಗತಿ, ಏಕೆಂದರೆ ಹೆಚ್ಚಿನವರು ಫೈಲ್ ಇಳಿದ ನಿಮಿಷವೇ ತಂತ್ರಾಂಶ ಮುಚ್ಚಿ ಎದ್ದುಹೋಗುತ್ತಾರೆ. ಪಡೆದಷ್ಟನ್ನಾದರೂ ತಿರುಗಿ ಕೊಡುವವರೆಗೆ, ಅಂದರೆ ಅನುಪಾತ ಒಂದಕ್ಕೆ ಬರುವವರೆಗೆ ತೆರೆದಿಡುವುದು ಪಡೆದವರ ಕರ್ತವ್ಯ.

ಇಂಟರ್ನೆಟ್ ಆರ್ಕೈವ್ ಎಂಬ ಜಾಲತಾಣದಲ್ಲಿರುವ ಹಳೆಯ ಕನ್ನಡ ಪುಸ್ತಕಗಳಿಗೆ ಈ ಕಾಟ ಕಡಿಮೆ. ಅಲ್ಲಿನ ಪುಸ್ತಕಗಳಿಗೆ ಟೊರೆಂಟ್ ಫೈಲ್ ಸಿಗುತ್ತದೆ, ಜೊತೆಗೆ ಆರ್ಕೈವ್‌ನ ಸರ್ವರ್‌ಗಳೇ ಸೀಡರ್‌ನ ಕೆಲಸ ಮಾಡುತ್ತವೆ. ಬೇರೆ ಯಾರೂ ಇಲ್ಲದಿದ್ದರೂ ಪುಸ್ತಕ ಇಳಿಯುತ್ತದೆ. ಕರೆಂಟ್ ಹೋಗಿ ಬಂದರೂ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ. ಹಳ್ಳಿಯ ಸಂಪರ್ಕಕ್ಕೆ ಇದಕ್ಕಿಂತ ದೊಡ್ಡ ಉಪಕಾರ ಬೇಕಿಲ್ಲ.

ಟೊರೆಂಟ್ ಅರ್ಧದಲ್ಲಿ ನಿಲ್ಲುವುದಕ್ಕೆ ಇನ್ನೊಂದು ಕಾರಣ, ಫೈಲನ್ನು ನೇರವಾಗಿ ಇಳಿಸಿಕೊಳ್ಳುವ ಪೆನ್‌ಡ್ರೈವ್. ಅದು ಫ್ಯಾಟ್32 ವಿನ್ಯಾಸದಲ್ಲಿದ್ದರೆ 4 ಜಿಬಿ ಮೀರಿದ ಒಂದೇ ಫೈಲನ್ನು ಹಿಡಿಯದು. ಉಬುಂಟು ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆಯ ಇತ್ತೀಚಿನ ಡೆಸ್ಕ್‌ಟಾಪ್ ಫೈಲ್ ಅದಕ್ಕಿಂತ ದೊಡ್ಡದು.

“ಟೊರೆಂಟ್ ಅಂದ್ರೇನೇ ಕಳ್ಳಮಾಲು, ಅದಕ್ಕೇ ಸರ್ಕಾರ ಸ್ಲೋ ಮಾಡೈತೆ”

ಉಬುಂಟು, ಡೆಬಿಯನ್, ಲಿಬ್ರೆ ಆಫೀಸ್ ಎಂಬ ಉಚಿತ ತಂತ್ರಾಂಶಗಳನ್ನು ಅವುಗಳ ತಯಾರಕರೇ ಟೊರೆಂಟ್‌ನಲ್ಲಿ ಕೊಡುತ್ತಾರೆ. ಟೊರೆಂಟ್ ತಂತ್ರಜ್ಞಾನಕ್ಕೆ ಭಾರತದಲ್ಲಿ ನಿಷೇಧವಿಲ್ಲ. ಕೆಲವು ಜಾಲತಾಣಗಳಿಗೆ ತಡೆ ಇದೆ. ತಡೆದ ಜಾಲತಾಣದಲ್ಲಿ ಪುಟವೇ ತೆರೆಯದು, ವೇಗ ಕುಗ್ಗುವುದಲ್ಲ. 2016ರಲ್ಲಿ ಅಂಥ ಪುಟಗಳ ಮೇಲೆ ಮೂರು ವರ್ಷ ಜೈಲು ಎಂಬ ಎಚ್ಚರಿಕೆ ಕಾಣಿಸಿ ಜನ ಗಾಬರಿಯಾಗಿದ್ದರು. ಬರೀ ನೋಡುವುದೇ ಅಪರಾಧವಲ್ಲ ಎಂದು ಬಾಂಬೆ ಹೈಕೋರ್ಟ್ ಆಗ ಸ್ಪಷ್ಟಪಡಿಸಿತು. ಹಾಗೆಂದು ಹೊಸ ಸಿನಿಮಾವನ್ನು ಟೊರೆಂಟ್‌ನಲ್ಲಿ ಇಳಿಸಿಕೊಳ್ಳುವುದು ಬರೀ ನೋಡುವುದಲ್ಲ. ಇಳಿಯುತ್ತಿರುವಾಗಲೇ ನೀವು ಅದನ್ನು ಹಂಚುತ್ತಿರುತ್ತೀರಿ. 1957ರ ಕೃತಿಸ್ವಾಮ್ಯ ಕಾಯ್ದೆಯ 63ನೇ ಕಲಂ ಪ್ರಕಾರ ತಿಳಿದೂ ಹಕ್ಕುಚ್ಯುತಿ ಮಾಡಿದವರಿಗೆ ಆರು ತಿಂಗಳಿಂದ ಮೂರು ವರ್ಷ ಸೆರೆ, 50,000ದಿಂದ 2 ಲಕ್ಷ ರೂಪಾಯಿ ದಂಡ ಇದೆ. ಚಿತ್ರ ಮಾಡಿದವರ ದುಡಿಮೆಯನ್ನು ಹಾಗೆ ಎತ್ತಿಕೊಳ್ಳಲು ನೆರವಾಗುವುದು ಈ ಬರಹದ ಉದ್ದೇಶವಲ್ಲ.

ಶಾಲೆಗಳವರಿಗೆ ಒಂದು ಮಾತು. ಕಿವಿಕ್ಸ್ ಎಂಬ ಉಚಿತ ತಂತ್ರಾಂಶದಲ್ಲಿ ಇಡೀ ಕನ್ನಡ ವಿಕಿಪೀಡಿಯವನ್ನು ಇಂಟರ್ನೆಟ್ ಇಲ್ಲದೆಯೂ ಓದಬಹುದು, ಅದರ ಫೈಲ್ ಟೊರೆಂಟ್‌ನಲ್ಲೂ ಸಿಗುತ್ತದೆ. ಲ್ಯಾಬಿನ ಹತ್ತು ಕಂಪ್ಯೂಟರಿಗೆ ಅದನ್ನು ಹತ್ತು ಸಲ ಹೊರಗಿನಿಂದ ತರಿಸಬೇಕಿಲ್ಲ. ತಂತ್ರಾಂಶದಲ್ಲಿ ಸ್ಥಳೀಯ ಜೊತೆಗಾರರನ್ನು ಹುಡುಕುವ ಆಯ್ಕೆಯನ್ನು ಚಾಲೂ ಮಾಡಿದರೆ, ಒಂದೇ ರೂಟರ್‌ಗೆ ಸೇರಿದ ಕಂಪ್ಯೂಟರ್‌ಗಳು ಒಂದನ್ನೊಂದು ಗುರುತು ಹಿಡಿದು ತುಂಡುಗಳನ್ನು ತಮ್ಮತಮ್ಮಲ್ಲೇ ಹಂಚಿಕೊಳ್ಳುತ್ತವೆ. ಆ ಹಂಚಿಕೆಗೆ ಡೇಟಾ ಖರ್ಚಾಗುವುದಿಲ್ಲ, ತಂತಿ ಎಳೆದ ಲ್ಯಾಬಿನಲ್ಲಿ ಅದರ ವೇಗ ಹೊರಗಿನ ಪ್ಲಾನಿಗೆ ಕಟ್ಟುಬಿದ್ದಿರುವುದೂ ಇಲ್ಲ.