ತುಂಡು ನಿದ್ದೆ, ಸಂಜೆಯ ರಚ್ಚೆ

“ಹಾಲು ಸಾಲ್ತಿಲ್ಲ ಅನ್ಸುತ್ತೆ ಕಣಮ್ಮ.” ಬಾಣಂತಿಯನ್ನು ನೋಡಲು ಬಂದವರು ಆಡುವ ಮಾತುಗಳಲ್ಲಿ ಇಷ್ಟು ನೋಯಿಸುವ ಮಾತು ಇನ್ನೊಂದಿಲ್ಲ. ಕೂಸು ಮಲಗಿ ಅರ್ಧ ಗಂಟೆಗೇ ಎದ್ದರೆ ಎದೆಹಾಲಿನ ಮೇಲೆ ಅನುಮಾನ. ಸಂಜೆ ರಚ್ಚೆ ಹಿಡಿದರೆ ಅನುಮಾನ ಗಟ್ಟಿಯಾಗುತ್ತದೆ, ಮಾರನೆಯ ದಿನ ಡಬ್ಬಿ ಹಾಲು ಮನೆಗೆ ಬರುತ್ತದೆ. ಆದರೆ ಮೊದಲ ಮೂರು ತಿಂಗಳಲ್ಲಿ ಈ ತುಂಡು ನಿದ್ದೆ, ಈ ಅಳು ಎರಡೂ ಬಹುಪಾಲು ಆರೋಗ್ಯವಂತ ಕೂಸುಗಳಲ್ಲಿ ಕಾಣುವಂಥವು. ಅವು ಏಕೆ ಹಾಗೆ ಎಂಬುದು ತಿಳಿದರೆ ಎಷ್ಟೋ ತಾಯಂದಿರು ಹಾಲೂಡಿಸುವುದನ್ನು ಅರ್ಧಕ್ಕೇ ಕೈಬಿಡಬೇಕಾಗುವುದಿಲ್ಲ.

ಮೊದಲು ನಿದ್ದೆಯ ವಿಷಯ. 1950ರ ದಶಕದ ಆರಂಭದಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್ಸ್ಕಿ ಎಂಬ ಸಂಶೋಧನಾ ವಿದ್ಯಾರ್ಥಿ, ತನ್ನ ಮಾರ್ಗದರ್ಶಕ ನಥಾನಿಯಲ್ ಕ್ಲೈಟ್‌ಮನ್ ಅವರ ಸೂಚನೆಯಂತೆ, ಮಲಗಿದ ಶಿಶುಗಳ ಕಣ್ಣುಗಳನ್ನೇ ಗಂಟೆಗಟ್ಟಲೆ ನೋಡುತ್ತ ಕೂತ. ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆಗಳು ಸ್ವಲ್ಪ ಹೊತ್ತು ಓಡಾಡುತ್ತಿದ್ದವು, ಆಮೇಲೆ ಸುಮ್ಮನಾಗುತ್ತಿದ್ದವು. ಸುಮಾರು ಗಂಟೆಗೊಮ್ಮೆ ಈ ಸರದಿ ಮರಳುತ್ತಿತ್ತು. ಇದೇ ಜಾಡು ಹಿಡಿದು ಹೋದ ಇಬ್ಬರೂ 1953ರಲ್ಲಿ, ಕನಸಿನ ನಿದ್ದೆ ಎಂದು ನಾವು ಈಗ ಕರೆಯುವ ‘ರೆಮ್’ ನಿದ್ದೆಯನ್ನು ಜಗತ್ತಿಗೆ ತಿಳಿಸಿದರು.

ದೊಡ್ಡವರ ನಿದ್ದೆಯ ಒಂದು ಸುತ್ತು ಸುಮಾರು 90 ನಿಮಿಷ. ಎಳೆಗೂಸಿಗೆ ಅದು 50–60 ನಿಮಿಷ ಮಾತ್ರ, ಅದರಲ್ಲೂ ಸುಮಾರು ಅರ್ಧ ಭಾಗ ಈ ರೆಮ್, ಅಂದರೆ ಚಡಪಡಿಕೆಯ ನಿದ್ದೆ. ದೊಡ್ಡವರು ಸುತ್ತಿನ ಕೊನೆಯಲ್ಲಿ ಮಗ್ಗುಲು ಬದಲಿಸಿ ಮತ್ತೆ ನಿದ್ದೆಗೆ ಜಾರುತ್ತಾರೆ. ಕೂಸಿಗೆ ಆ ಅಭ್ಯಾಸ ಇನ್ನೂ ಬಂದಿರುವುದಿಲ್ಲ. ಸುತ್ತಿನ ನಡುವೆಯೋ ಕೊನೆಯಲ್ಲೋ ನಿದ್ದೆ ತೆಳುವಾದಾಗ ಕಣ್ಣು ಬಿಟ್ಟುಬಿಡುತ್ತದೆ. ಮೂವತ್ತು ನಲವತ್ತು ನಿಮಿಷದ ನಿದ್ದೆಗಳ ಗುಟ್ಟು ಇದು.

ಒಮ್ಮೆ ತೊಟ್ಟಿಲ ಪಕ್ಕ ಕೂತು ನೋಡಿ. ಮಲಗಿದ ಸ್ವಲ್ಪ ಹೊತ್ತಿಗೆ ಕೂಸಿನ ತುಟಿ ಚೀಪುವಂತೆ ಅಲುಗುತ್ತದೆ, ಹುಬ್ಬು ಗಂಟಿಕ್ಕುತ್ತದೆ, ಉಸಿರು ಒಮ್ಮೆ ಜೋರಾಗಿ ಒಮ್ಮೆ ನಿಧಾನವಾಗುತ್ತದೆ. ಕೈಕಾಲು ಝಾಡಿಸುತ್ತದೆ, ಮುಲುಕುತ್ತದೆ, ಕೆಲವೊಮ್ಮೆ ನಗುತ್ತದೆ. ದೇವರು ನಗಿಸುತ್ತಿದ್ದಾನೆ ಎಂದು ಹಿರಿಯರು ಹೇಳುವುದು ಈ ಹೊತ್ತಿನಲ್ಲೇ. ಕೂಸು ಆಗ ಎಚ್ಚರವಾಗಿಲ್ಲ. ಎದ್ದೇಬಿಟ್ಟಿತೆಂದು ಧಾವಿಸಿ ಎತ್ತಿಕೊಂಡರೆ ನಿಜಕ್ಕೂ ಏಳುತ್ತದೆ. ಒಂದೆರಡು ನಿಮಿಷ ಕಾದರೆ ಎಷ್ಟೋ ಸಲ ಅದೇ ಮತ್ತೆ ಗಾಢ ನಿದ್ದೆಗೆ ಇಳಿಯುತ್ತದೆ.

ಹಗಲು ರಾತ್ರಿಯ ಲೆಕ್ಕವೂ ಕೂಸಿಗೆ ಹುಟ್ಟುವಾಗ ಇರುವುದಿಲ್ಲ. ಕತ್ತಲಾದಾಗ ದೇಹದಲ್ಲಿ ಏರುವ ಮೆಲಟೋನಿನ್ ಹಾರ್ಮೋನಿನ ಲಯ ಮೂಡಲು ಎರಡು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ರಾತ್ರಿಯ ಎದೆಹಾಲಿನಲ್ಲಿ ತಾಯಿಯ ಮೆಲಟೋನಿನ್ ಸ್ವಲ್ಪ ಇರುತ್ತದೆ. ಹಗಲಿನ ಹಾಲಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಬೆಳಗ್ಗೆ ಕೋಣೆಗೆ ಬೆಳಕು ಬಿಡುವುದು, ರಾತ್ರಿ ಹಾಲೂಡಿಸುವಾಗ ದೀಪ ಮಂದವಾಗಿಟ್ಟು ಮಾತು ಕಡಿಮೆ ಮಾಡುವುದು ಈ ಲಯ ಕೂಡಿಬರಲು ನೆರವಾಗುತ್ತವೆ.

ಇನ್ನು ಹಾಲು. ಮೊಲ ತನ್ನ ಮರಿಗಳಿಗೆ ದಿನಕ್ಕೊಮ್ಮೆ ಕೆಲವೇ ನಿಮಿಷ ಹಾಲೂಡಿಸಿ ಹೊರಟುಹೋಗುತ್ತದೆ, ಅದರ ಹಾಲು ಅಷ್ಟು ಮಂದ. ಮನುಷ್ಯರ ಹಾಲು ತೆಳು, ಸಿಹಿ: 100 ಮಿಲಿಲೀಟರಿನಲ್ಲಿ ಸುಮಾರು 7 ಗ್ರಾಂ ಲ್ಯಾಕ್ಟೋಸ್ ಸಕ್ಕರೆ, ಪ್ರೋಟೀನ್ ಸುಮಾರು 1 ಗ್ರಾಂ. ಹಸುವಿನ ಹಾಲಿನಲ್ಲಿ ಪ್ರೋಟೀನ್ ಇದರ ಮೂರು ಪಟ್ಟು. ಎದೆಹಾಲು ಬೇಗ ಅರಗುತ್ತದೆ, ಬೇಗ ಹಸಿವಾಗುತ್ತದೆ. ತಾಯಿಯ ಮೈಗೆ ಅಂಟಿಕೊಂಡು ಆಗಾಗ ಕುಡಿಯುವ ಜೀವಕ್ಕೆ ಒಪ್ಪುವ ಹಾಲು ಇದು. ಆಸ್ಟ್ರೇಲಿಯಾದಲ್ಲಿ, ಎದೆಹಾಲನ್ನೇ ಕುಡಿಯುತ್ತ ಚೆನ್ನಾಗಿ ಬೆಳೆಯುತ್ತಿದ್ದ 71 ಕೂಸುಗಳ ಮೇಲೆ ನಡೆದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಅವು ದಿನಕ್ಕೆ ಸರಾಸರಿ 11 ಸಲ ಕುಡಿಯುತ್ತಿದ್ದವು. ಆರೇ ಸಲ ಕುಡಿಯುವವೂ ಇದ್ದವು, 18 ಸಲ ಕುಡಿಯುವವೂ ಇದ್ದವು. ಗಡಿಯಾರ ನೋಡಿ ಮೂರು ಗಂಟೆಗೊಮ್ಮೆ ಎಂಬ ಲೆಕ್ಕ ಎಲ್ಲ ಕೂಸುಗಳಿಗೂ ಹೊಂದುವುದಿಲ್ಲ.

ಕುಡಿದು ಖಾಲಿಯಾದಷ್ಟೂ ಎದೆಯಲ್ಲಿ ಹಾಲು ಊರುತ್ತದೆ. ಎದೆ ತುಂಬಿಯೇ ಉಳಿದರೆ ಉತ್ಪತ್ತಿ ತಗ್ಗುತ್ತದೆ. ಅನುಮಾನದಿಂದ ಡಬ್ಬಿ ಹಾಲು ಕೊಟ್ಟಾಗ ಕೂಸು ಎದೆಗೆ ಬರುವುದು ಕಡಿಮೆಯಾಗುತ್ತದೆ, ಇಲ್ಲದಿದ್ದ ಕೊರತೆ ಆಗ ನಿಜಕ್ಕೂ ಶುರುವಾಗುತ್ತದೆ. ಹಾಲು ಸಾಕಾಗುತ್ತಿದೆಯೇ ಎಂಬುದಕ್ಕೆ ಅಳು ನಂಬಲರ್ಹ ಸಾಕ್ಷಿಯಲ್ಲ. ಮೊದಲ ವಾರದ ನಂತರ ದಿನಕ್ಕೆ ಆರು ಅಥವಾ ಹೆಚ್ಚು ಸಲ ಬಟ್ಟೆ ಒದ್ದೆಯಾಗುತ್ತಿದ್ದರೆ, ಎರಡು ವಾರದೊಳಗೆ ಹುಟ್ಟುತೂಕ ಮರಳಿ ಬಂದು ಆಮೇಲೆ ದಿನಕ್ಕೆ ಸುಮಾರು 25–30 ಗ್ರಾಂ ಏರುತ್ತಿದ್ದರೆ ಹಾಲು ಸಾಕಾಗುತ್ತಿದೆ. ಅಂಗನವಾಡಿಯಲ್ಲೋ ಆಸ್ಪತ್ರೆಯಲ್ಲೋ ತೂಗಿಸಿ ಬರೆಸಿಕೊಂಡ ತೂಕ ಹತ್ತು ಜನರ ಅಭಿಪ್ರಾಯಕ್ಕಿಂತ ಮೇಲು.

ಹಾಗಾದರೆ ಸಂಜೆಯ ಅಳು? ಅಮೆರಿಕದ ಮಕ್ಕಳ ವೈದ್ಯ ಬೆರಿ ಬ್ರೇಜಲ್ಟನ್ 80 ತಾಯಂದಿರಿಂದ ಕೂಸಿನ ಅಳುವಿನ ದಿನಚರಿ ಬರೆಸಿ 1962ರಲ್ಲಿ ಪ್ರಕಟಿಸಿದರು. ಎರಡನೆಯ ವಾರದಿಂದ ಏರತೊಡಗುವ ಅಳು ಆರನೆಯ ವಾರಕ್ಕೆ ದಿನಕ್ಕೆ ಎರಡೂಮುಕ್ಕಾಲು ಗಂಟೆ ಮುಟ್ಟಿ, ಮೂರು ತಿಂಗಳ ಹೊತ್ತಿಗೆ ಇಳಿದಿತ್ತು, ಸಂಜೆಯೇ ಹೆಚ್ಚು. ಸದಾ ಕೂಸನ್ನು ಹೊತ್ತುಕೊಂಡು ಗಂಟೆಗೆ ಹಲವು ಸಲ ಹಾಲೂಡಿಸುವ ಆಫ್ರಿಕಾದ ಕುಂಗ್ ಸಾನ್ ಜನರ ಕೂಸುಗಳಲ್ಲೂ ಈ ಏರಿಳಿತ ಕಂಡಿದೆ, ಆದರೆ ಪ್ರತಿ ಸಲದ ಅಳು ಚಿಕ್ಕದು.

ಎತ್ತಿಕೊಳ್ಳುವುದರ ಫಲ ಜಪಾನಿನ ರಿಕೆನ್ ಸಂಸ್ಥೆಯ ಕುಮಿ ಕುರೋಡಾ ತಂಡದ 2022ರ ಅಧ್ಯಯನದಲ್ಲೂ ಕಂಡಿತು. ಅಳುವ ಕೂಸನ್ನು ಎತ್ತಿಕೊಂಡು ಐದು ನಿಮಿಷ ನಿಲ್ಲದೆ ನಡೆದರೆ ಹೃದಯಬಡಿತ ಇಳಿದು ಹಲವು ಕೂಸುಗಳು ನಿದ್ದೆಹೋದವು. ಮೈಯಿಂದ ಬೇರ್ಪಡಿಸುವ ಕ್ಷಣದಲ್ಲೇ ಎಚ್ಚರವಾಗುವ ಸಂಭವ ಹೆಚ್ಚಿತ್ತು. ನಿದ್ದೆ ಹತ್ತಿದ ಮೇಲೂ ಐದರಿಂದ ಎಂಟು ನಿಮಿಷ ಹಾಗೇ ಕೂತಿದ್ದು ಮಲಗಿಸಿ ಎಂಬುದು ಅವರ ಸಲಹೆ. ಎತ್ತಿಕೊಂಡರೆ ಕೈಚಟವಾಗುತ್ತದೆಂಬ ಭಯ ಈ ವಯಸ್ಸಿಗೆ ಬೇಡ. ಮಲಗಿಸುವಾಗ ಮಾತ್ರ ಅಂಗಾತ, ಸಮತಟ್ಟಾದ ಗಟ್ಟಿ ಹಾಸಿಗೆಯ ಮೇಲೆ, ಮುಖದ ಬಳಿ ದಿಂಬು ಬಟ್ಟೆ ಇಲ್ಲದಂತೆ. ಸೀರೆಯ ಜೋಲಿಯಲ್ಲಿ ಗಲ್ಲ ಎದೆಗೆ ಒತ್ತಿ ಉಸಿರಿಗೆ ಅಡ್ಡಿಯಾಗಬಹುದು.

ಅಳು ನಿಲ್ಲಿಸಲೆಂದು ಬಜೆ ತೇಯ್ದು ನೆಕ್ಕಿಸುವುದು, ಜೇನು, ಗ್ರೈಪ್ ವಾಟರ್ ಬೇಡ. ಬಜೆಯ ಅಸರೋನ್ ಅಂಶ ವಿಷಕಾರಿ. ಜೇನಿನಿಂದ ವರ್ಷದೊಳಗಿನ ಕೂಸಿಗೆ ಬಾಟುಲಿಸಂ ಎಂಬ ಗಂಭೀರ ಕಾಯಿಲೆ ಬರಬಹುದು. 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಜ್ವರ, ಹಸಿರು ವಾಂತಿ, ಮಲದಲ್ಲಿ ರಕ್ತ, ಕುಡಿಯದೆ ಮಂಕಾಗುವುದು, ಮೂತ್ರ ಕಡಿಮೆಯಾಗುವುದು ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ತೂಕ ಏರದಿದ್ದರೂ ತೋರಿಸಬೇಕು.

ಆರು ತಿಂಗಳ ಹೊತ್ತಿಗೆ ಹೆಚ್ಚಿನ ಕೂಸುಗಳ ಹಗಲುನಿದ್ದೆ ಎರಡು ಮೂರು ಕಂತುಗಳಿಗೆ ಬಂದು ನಿಲ್ಲುತ್ತದೆ. ಅಲ್ಲಿಯವರೆಗೆ ನಿದ್ದೆಗೆಡುವ ತಾಯಿಗೆ ಉಪದೇಶಕ್ಕಿಂತ ಕೈ ಆಸರೆ ಬೇಕು. ಸಂಜೆ ಹಾಲೂಡಿಸಿದ ಮೇಲೆ ಒಂದು ಗಂಟೆ ಅಪ್ಪನೋ ಅಜ್ಜಿಯೋ ಕೂಸನ್ನು ಎತ್ತಿಕೊಂಡು ಓಡಾಡಲಿ, ಆಕೆ ಮಲಗಲಿ. ಅಳು ಕೇಳಿ ಸಹನೆ ಕಳೆಯುವಂತಾದರೆ ಕೂಸನ್ನು ಎಂದೂ ಕುಲುಕಬಾರದು. ಸುರಕ್ಷಿತವಾಗಿ ಮಲಗಿಸಿ ಐದು ನಿಮಿಷ ಪಕ್ಕದ ಕೋಣೆಗೆ ಹೋಗುವುದರಲ್ಲಿ ತಪ್ಪಿಲ್ಲ. ಎರಡು ವಾರ ಕಳೆದರೂ ತಾಯಿಯ ಮನಸ್ಸಿನ ಭಾರ ಇಳಿಯದಿದ್ದರೆ ವೈದ್ಯರಿಗೆ ಹೇಳಿ, ಅಥವಾ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಬಾಣಂತಿಯ ಖಿನ್ನತೆಗೆ ಚಿಕಿತ್ಸೆಯಿದೆ, ಹಾಲೂಡಿಸುತ್ತಲೇ ಅದನ್ನು ಪಡೆಯಬಹುದು.