ಬಸುರಿಯ ಬಿಪಿ ಮತ್ತು ಮಾಸಿನ ಪ್ರೋಟೀನು

ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬ ಪದ್ಧತಿ ನಮ್ಮ ಕರಾವಳಿಯಲ್ಲಿ ಇನ್ನೂ ಗಟ್ಟಿಯಾಗಿದೆ. ಸೀಮಂತ ಮುಗಿಸಿಕೊಂಡು ಕುಮಟಾದ ಸೊಸೆ ಭಟ್ಕಳದ ತವರಿಗೆ, ಹೊನ್ನಾವರದವಳು ಕುಮಟಾಕ್ಕೆ ಹೊರಡುತ್ತಾಳೆ. ಕಾಲು ಬಾತಿದ್ದರೆ ‘ಬಸುರಿಗೆ ಇದೆಲ್ಲ ಇದ್ದದ್ದೇ’ ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ಹೆಚ್ಚಿನ ಸಲ ಆ ಮಾತು ನಿಜವೇ. ಆದರೆ ಗರ್ಭನಂಜು, ಅಂದರೆ ಪ್ರಿಎಕ್ಲಾಂಪ್ಸಿಯಾ, ತಲೆಯೆತ್ತುವುದೂ ಬಹುಮಟ್ಟಿಗೆ ಈ ಕೊನೆಯ ತಿಂಗಳುಗಳಲ್ಲೇ. ಇಪ್ಪತ್ತು ವಾರ ದಾಟಿದ ಮೇಲೆ ರಕ್ತದೊತ್ತಡ 140/90ಕ್ಕೆ ಏರುತ್ತದೆ, ಸಾಮಾನ್ಯವಾಗಿ ಮೂತ್ರದಲ್ಲಿ ಪ್ರೋಟೀನು ಸೋರತೊಡಗುತ್ತದೆ. ಬಿಗಡಾಯಿಸಿದರೆ ಫಿಟ್ಸ್ ಬಂದು ತಾಯಿ, ಮಗು ಇಬ್ಬರ ಜೀವಕ್ಕೂ ಕುತ್ತು.

ಇದರ ಬೇರು ಇರುವುದು ಮಾಸಿನಲ್ಲಿ. ಮಗುವೇ ಇಲ್ಲದೆ ಮಾಸಿನ ಅಂಗಾಂಶ ಮಾತ್ರ ಊದಿಕೊಂಡು ಬೆಳೆಯುವ ಅಪರೂಪದ ಬಸಿರಿನಲ್ಲೂ ಈ ಕಾಯಿಲೆ ಬರುತ್ತದೆ. ಅದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಮೊದಲ ತಿಂಗಳುಗಳಲ್ಲಿ ಮಾಸಿನ ಜೀವಕೋಶಗಳು ಗರ್ಭಕೋಶದ ಗೋಡೆಯೊಳಕ್ಕೆ ನುಗ್ಗಿ, ಅಲ್ಲಿನ ಸುರುಳಿ ರಕ್ತನಾಳಗಳ ಸ್ನಾಯುಪದರವನ್ನು ಕರಗಿಸಿ ಅವನ್ನು ಅಗಲ ಮಾಡುತ್ತವೆ. ಈ ಕೆಲಸ ಅರೆಬರೆಯಾದರೆ ಮಾಸಿಗೆ ಸಾಕಷ್ಟು ರಕ್ತ ಹರಿಯುವುದಿಲ್ಲ. ಬಳಲಿದ ಮಾಸು ಎಸ್‌ಎಫ್‌ಎಲ್‌ಟಿ-1 ಎಂಬ ಪ್ರೋಟೀನನ್ನು ತಾಯಿಯ ರಕ್ತಕ್ಕೆ ಅತಿಯಾಗಿ ಬಿಡುತ್ತದೆ. ಕಥೆಯ ಮುಖ್ಯ ಪಾತ್ರ ಇದೇ.

ನಮ್ಮ ರಕ್ತನಾಳಗಳ ಒಳಪದರದ ಕೋಶಗಳು ವಿಇಜಿಎಫ್ ಮತ್ತು ಪಿಎಲ್‌ಜಿಎಫ್ ಎಂಬ ಸಂಕೇತ ಪ್ರೋಟೀನುಗಳನ್ನು ನೆಚ್ಚಿಕೊಂಡಿವೆ. ವಿಇಜಿಎಫ್ ಕೋಶದ ಮೇಲಿನ ಗ್ರಾಹಕಕ್ಕೆ ಅಂಟಿದೊಡನೆ ಒಳಗೆ ಸರಣಿ ಕ್ರಿಯೆ ಶುರುವಾಗಿ ನೈಟ್ರಿಕ್ ಆಕ್ಸೈಡ್ ತಯಾರಾಗುತ್ತದೆ, ನಾಳ ಸಡಿಲಗೊಳ್ಳುತ್ತದೆ. ಎಸ್‌ಎಫ್‌ಎಲ್‌ಟಿ-1 ಅಂಥದೇ ಗ್ರಾಹಕದ ತುಂಡು ರೂಪ. ಕೋಶಕ್ಕೆ ಅಂಟಿಕೊಳ್ಳುವ ಬುಡ ಅದಕ್ಕಿಲ್ಲ, ಹಾಗಾಗಿ ರಕ್ತದಲ್ಲಿ ತೇಲುತ್ತಾ ಸಂಕೇತಗಳನ್ನು ನಡುದಾರಿಯಲ್ಲೇ ಹಿಡಿದುಬಿಡುತ್ತದೆ. ಶರಾವತಿಯ ಅಳಿವೆಗೆ ಅಡ್ಡಲಾಗಿ ಬಲೆ ಕಟ್ಟಿದರೆ ಮೀನು ಮೇಲಿನ ಹೊಳೆ ಸೇರದು, ಹಾಗೆ. ಸಂಕೇತ ಸಿಗದ ನಾಳಗಳು ಬಿಗಿಯುತ್ತವೆ, ಬಿಪಿ ಏರುತ್ತದೆ. ಮೂತ್ರಪಿಂಡದ ಸೋಸುವ ಪದರ ಕೆಟ್ಟು ಪ್ರೋಟೀನು ಸೋರುತ್ತದೆ.

ಇದನ್ನು 2003ರಲ್ಲಿ ತೋರಿಸಿಕೊಟ್ಟದ್ದು ಬಾಸ್ಟನ್ನಿನಲ್ಲಿದ್ದ ಭಾರತೀಯ ಮೂಲದ ವೈದ್ಯವಿಜ್ಞಾನಿ ಅನಂತ್ ಕರುಮಂಚಿ ಅವರ ತಂಡ. ಈ ಪ್ರೋಟೀನು ಹೆಚ್ಚುವಂತೆ ಮಾಡಿದಾಗ ಗಬ್ಬದ ಇಲಿಗಳಿಗೆ ಬಿಪಿ ಏರಿತು, ಮೂತ್ರದಲ್ಲಿ ಪ್ರೋಟೀನು ಬಂತು. ಗಬ್ಬವಿಲ್ಲದ ಇಲಿಗಳಿಗೂ ಹಾಗೆಯೇ ಆಯಿತು. ವಿಇಜಿಎಫ್ ತಡೆಯುವ ಕ್ಯಾನ್ಸರ್ ಔಷಧ ಪಡೆಯುವ ರೋಗಿಗಳಲ್ಲಿಯೂ ಇವೇ ಎರಡು ತೊಂದರೆ ಕಾಣುತ್ತವೆ. ಮರುವರ್ಷದ ಇನ್ನೊಂದು ಅಧ್ಯಯನದ ಪ್ರಕಾರ, ಲಕ್ಷಣ ಕಾಣುವ ಸುಮಾರು ಐದು ವಾರ ಮೊದಲೇ ರಕ್ತದಲ್ಲಿ ಎಸ್‌ಎಫ್‌ಎಲ್‌ಟಿ-1 ಏರತೊಡಗಿರುತ್ತದೆ. ಎಸ್‌ಎಫ್‌ಎಲ್‌ಟಿ-1 ಮತ್ತು ಪಿಎಲ್‌ಜಿಎಫ್ ಪ್ರೋಟೀನುಗಳ ಅನುಪಾತ ಅಳೆಯುವ ಪರೀಕ್ಷೆ ಈಗ ಬಂದಿದೆ, ಆದರೆ ತಾಲ್ಲೂಕಿನ ಬಸುರಿಗೆ ಇಂದಿಗೂ ಆಸರೆ ಬಿಪಿ ಪಟ್ಟಿ ಮತ್ತು ಮೂತ್ರದ ಪಟ್ಟಿಯೇ.

ತಡೆಯುವ ದಾರಿಗೆ ಕರ್ನಾಟಕದ ಹೆಣ್ಣುಮಕ್ಕಳೂ ಕೊಡುಗೆ ಕೊಟ್ಟಿದ್ದಾರೆ. ಬೆಂಗಳೂರಿನಲ್ಲಿ 11,000 ಚೊಚ್ಚಲ ಬಸುರಿಯರು ಪಾಲ್ಗೊಂಡ, 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಿನಕ್ಕೆ 500 ಮಿ.ಗ್ರಾಂ ಕ್ಯಾಲ್ಸಿಯಂ 1,500 ಮಿ.ಗ್ರಾಂನಷ್ಟೇ ಕೆಲಸ ಮಾಡಿತು. ಕಡಿಮೆ ಪ್ರಮಾಣದ ಆಸ್ಪಿರಿನ್ ಕುರಿತ ಆರು ದೇಶಗಳ ಅಧ್ಯಯನದಲ್ಲಿ ಬೆಳಗಾವಿಯೂ ಇತ್ತು. ಅವಧಿಪೂರ್ವ ಹೆರಿಗೆ ಶೇ. 11ರಷ್ಟು ಇಳಿಯಿತು. ಅಪಾಯ ಹೆಚ್ಚಿರುವವರಿಗೆ ವೈದ್ಯರು ಆಸ್ಪಿರಿನ್ ಕೊಡುವುದು ಗರ್ಭನಂಜು ತಡೆಯುವ ಉದ್ದೇಶಕ್ಕೆ. ಅದನ್ನು ಹದಿನಾರು ವಾರದೊಳಗೇ ಶುರುಮಾಡಿದರೆ ಒಳ್ಳೆಯದು, ಏಕೆಂದರೆ ಮಾಸು ನಾಳಗಳನ್ನು ತಿದ್ದುವ ಕಾಲ ಅದೇ.

ಇಲ್ಲಿಯೇ ನಮ್ಮ ಇನ್ನೊಂದು ರೂಢಿ ಅಡ್ಡ ಬರುತ್ತದೆ. ಮೂರು ತಿಂಗಳು ತುಂಬುವವರೆಗೆ ಬಸಿರಿನ ಸುದ್ದಿ ಹೊರಗೆ ಹೇಳಬಾರದಂತೆ! ನೆಂಟರಿಗೆ ಹೇಳಬೇಡಿ, ಆಶಾ ಕಾರ್ಯಕರ್ತೆಗೆ ಖಂಡಿತ ಹೇಳಿ. ಭಟ್ಕಳದಿಂದ ಕಾರವಾರದ ವೈದ್ಯಕೀಯ ಕಾಲೇಜಿಗೆ ನೂರು ಕಿಲೋಮೀಟರಿಗೂ ಹೆಚ್ಚು ದಾರಿ, ಮಣಿಪಾಲವೂ ಹತ್ತಿರವಲ್ಲ. ಫಿಟ್ಸ್ ಬಂದ ಮೇಲೆ ಹೆದ್ದಾರಿಯಲ್ಲಿ ಓಡುವ ಪಾಡು ಯಾರಿಗೂ ಬೇಡ.

ತವರಿಗೆ ಹೊರಡುವಾಗ ತಾಯಿ ಕಾರ್ಡ್ ಬ್ಯಾಗಿನಲ್ಲಿರಲಿ, ತವರು ತಲುಪಿದ ವಾರದಲ್ಲೇ ಅಲ್ಲಿನ ಆರೋಗ್ಯ ಕೇಂದ್ರದಲ್ಲಿ ಬಿಪಿ ನೋಡಿಸಿ. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಬಲ ಪಕ್ಕೆಲುಬಿನಡಿ ನೋವು, ದಿಢೀರನೆ ಮುಖ-ಕೈ ಊದುವುದು ಕಂಡರೆ ಬೆಳಗಾಗಲೆಂದು ಕಾಯಬೇಡಿ. ಹೆರಿಗೆಯಾಗಿ ಮಾಸು ಬಿದ್ದ ಮೇಲೂ ಕೆಲವು ವಾರ ಬಾಣಂತಿಗೆ ಈ ಅಪಾಯ ಇದ್ದೇ ಇರುತ್ತದೆ. ಅವಳ ಬಿಪಿಯನ್ನೂ ಅಳೆಯಿಸಿ.