ಇತಿಹಾಸ ಬೋಧನೆಯಲ್ಲಿ ಚಲಚ್ಚಿತ್ರ: ‘ಕಿತ್ತೂರು ಚೆನ್ನಮ್ಮ’ನ ನಿದರ್ಶನ

ಮುಂಬಯಿಯ ಕನ್ನಡ ಮನೆಗಳಲ್ಲಿ ಬೆಳೆಯುವ ಮಕ್ಕಳಿಗೆ ಕನ್ನಡನಾಡಿನ ಪೂರ್ವೇತಿಹಾಸದ ಪರಿಚಯವು ಪಠ್ಯಪುಸ್ತಕದಿಂದ ಆಗುವುದು ಅಲ್ಪ. ಮಹಾರಾಷ್ಟ್ರದ ಶಾಲೆಗಳಲ್ಲಿ ಶಿವಾಜಿ ಮಹಾರಾಜರ ಚರಿತ್ರೆಗೆ ಅಗ್ರಸ್ಥಾನವಿರುವುದು ಸಹಜವೇ ಆಗಿದೆ. ಹೀಗಾಗಿ ಅನೇಕ ಮಕ್ಕಳಿಗೆ ಚಲಚ್ಚಿತ್ರವೇ ಇತಿಹಾಸದ ಮೊದಲನೆಯ ಗುರು. ಆ ಗುರು ಹೇಳಿದುದನ್ನೆಲ್ಲ ನಂಬುವುದೂ ತರವಲ್ಲ, ಅವನನ್ನು ತರಗತಿಯಿಂದ ಹೊರಗಿಡುವುದೂ ತರವಲ್ಲ. ಅವನನ್ನು ಪ್ರಶ್ನಿಸುವ ಬಗೆಯನ್ನು ಕಲಿಸುವುದೇ ಸಮಾಜಶಾಸ್ತ್ರದ ಅಧ್ಯಾಪಕನ ಕೆಲಸ.

ಬಿ. ಆರ್. ಪಂತುಲು ಅವರು ನಿರ್ದೇಶಿಸಿದ ‘ಕಿತ್ತೂರು ಚೆನ್ನಮ್ಮ’ ಚಿತ್ರವು 1961ರಲ್ಲಿ ತೆರೆಕಂಡಿತು. ಬಿ. ಸರೋಜಾದೇವಿಯವರು ಚೆನ್ನಮ್ಮನಾಗಿಯೂ ರಾಜಕುಮಾರ್ ಅವರು ಮಲ್ಲಸರ್ಜನಾಗಿಯೂ ಅಭಿನಯಿಸಿದರು. ಇಂಗ್ಲಿಷರಿಗೆ ಕಪ್ಪ ಕೊಡಲೊಲ್ಲೆನೆಂದು ರಾಣಿ ಗರ್ಜಿಸುವ ಮಾತು ರಂಗಭೂಮಿ ಮತ್ತು ಚಿತ್ರಗಳ ಮೂಲಕ ಮನೆಮಾತಾಯಿತು. ಶಾಲೆಯ ವೇಷಸ್ಪರ್ಧೆಗಳಲ್ಲಿ ಹುಡುಗಿಯರು ಅದನ್ನು ಇಂದಿಗೂ ಒಪ್ಪಿಸುತ್ತಾರೆ.

ಆದರೆ 1824ರ ಕದನದ ತಕ್ಷಣದ ಕಾರಣ ಕಪ್ಪವಲ್ಲ, ದತ್ತಕ. ಪೇಶವೆಯ ಪತನಕಾಲದಲ್ಲಿಯೇ ಕಿತ್ತೂರು ಸಂಸ್ಥಾನವು ಕಂಪನಿಗೆ ವಾರ್ಷಿಕ ಕಾಣಿಕೆ ಸಲ್ಲಿಸಲು ಒಪ್ಪಿಕೊಂಡಿತ್ತು. 1824ರ ಸೆಪ್ಟೆಂಬರಿನಲ್ಲಿ ದೇಸಾಯಿ ಶಿವಲಿಂಗ ರುದ್ರಸರ್ಜನು ಸಂತಾನವಿಲ್ಲದೆ ತೀರಿಕೊಂಡನು. ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆಯು ಮನ್ನಿಸದೆ ಅರಮನೆಯ ಭಂಡಾರಕ್ಕೆ ಮೊಹರು ಹಾಕಿಸಿದನು. ಅಕ್ಟೋಬರ್ 23ರಂದು ಕೋಟೆಯ ಮುಂದೆ ನಡೆದ ಹೋರಾಟದಲ್ಲಿ ಆತನು ಹತನಾದನು. ಡಿಸೆಂಬರಿನಲ್ಲಿ ಕೋಟೆ ಬಿದ್ದಿತು. ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಚೆನ್ನಮ್ಮನು ಕಾಲವಶಳಾದಳು.

ಈ ವ್ಯತ್ಯಾಸವನ್ನು ತೋರಿಸಿಕೊಟ್ಟರೆ ರಾಣಿಯ ಹಿರಿಮೆ ಕುಂದೀತೆಂಬ ಭಯ ಬೇಡ. ದತ್ತಕವನ್ನು ನಿರಾಕರಿಸಿ ಸಂಸ್ಥಾನವನ್ನು ನುಂಗುವ ನೀತಿಯು ಡಾಲ್‌ಹೌಸಿಯ ಕಾಲದಲ್ಲಿ 1848ರಲ್ಲಿ ಸಾತಾರೆಯನ್ನೂ 1854ರಲ್ಲಿ ಝಾನ್ಸಿಯನ್ನೂ ಬಲಿ ತೆಗೆದುಕೊಂಡಿತು. ಸಾತಾರೆಗಿಂತ 24 ವರ್ಷ ಮೊದಲೇ ಕಿತ್ತೂರು ಅದೇ ಅನ್ಯಾಯವನ್ನು ಎದುರಿಸಿತ್ತು. ಮರಾಠಿ ನಾಡಿನ ಶಾಲೆಯಲ್ಲಿ ಕಲಿಯುವ ಕನ್ನಡ ಮಗುವಿಗೆ ಎರಡು ಇತಿಹಾಸಗಳೂ ಒಂದೇ ದಾರದಲ್ಲಿ ಪೋಣಿಸಿದಂತೆ ಕಾಣುವುದು ಇಲ್ಲಿಯೇ. ಅಲ್ಲದೆ, ಆಗ ಮುಂಬಯಿಯ ಗವರ್ನರನಾಗಿದ್ದವನು ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್; ಕೋಟೆ ಪ್ರದೇಶದಲ್ಲಿ ಆತನ ಹೆಸರಿನ ಕಾಲೇಜನ್ನು ಮಕ್ಕಳು ನೋಡಿಯೇ ಇರುತ್ತಾರೆ. ಕಿತ್ತೂರಿನ ಕಥೆ ಈ ನಗರಕ್ಕೂ ಸೇರಿದ್ದೆಂಬುದು ಅವರಿಗೆ ತಿಳಿಯಬೇಕು.

ಬೋಧನೆಯ ಕ್ರಮ ಸರಳವಾದುದು. ಇಡೀ ಚಿತ್ರವನ್ನು ಒಂದೇ ಸಲಕ್ಕೆ ತೋರಿಸಿದರೆ ಅದು ಮನರಂಜನೆಯಾಗಿಯೇ ಮುಗಿಯುತ್ತದೆ. ಮೊದಲನೆಯ ದಿನ ಭೂಪಟ ಮತ್ತು ಕಾಲಾನುಕ್ರಮದೊಂದಿಗೆ ಘಟನೆಯನ್ನು ತಿಳಿಸಬೇಕು. ಎರಡನೆಯ ದಿನ ಹತ್ತು–ಹದಿನೈದು ನಿಮಿಷಗಳ ಒಂದು ಭಾಗವನ್ನು ಮಾತ್ರ ತೋರಿಸಬೇಕು. ನೋಡುವ ಮೊದಲೇ ಮೂರು ಪ್ರಶ್ನೆಗಳನ್ನು ಹಲಗೆಯ ಮೇಲೆ ಬರೆದಿರಬೇಕು: ಇದರಲ್ಲಿ ದಾಖಲೆಯಿಂದ ತಿಳಿದುದು ಯಾವುದು? ಕಲ್ಪಿತವಾದುದು ಯಾವುದು? ಹಾಗೆ ಕಲ್ಪಿಸಲು ಕಾರಣವೇನು? ಮೂರನೆಯ ದಿನ ಚರ್ಚೆ. ವಿದ್ಯಾರ್ಥಿಗಳು, ಅಧ್ಯಾಪಕರು, ಪಾಲಕರು ಇವರಿಗೆ ಸೀಮಿತವಾಗಿ ಶಾಲಾಕಾರ್ಯದ ಅಂಗವಾಗಿ ಚಿತ್ರ ತೋರಿಸಲು 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಕಲಮು ಅವಕಾಶ ನೀಡಿದೆ.

ಮೂರನೆಯ ಪ್ರಶ್ನೆಯೇ ಮುಖ್ಯವಾದುದು. ಪಂತುಲು ಅವರೇ 1959ರಲ್ಲಿ ತಮಿಳಿನಲ್ಲಿ ‘ವೀರಪಾಂಡಿಯ ಕಟ್ಟಬೊಮ್ಮನ್’ ಚಿತ್ರವನ್ನು ನಿರ್ದೇಶಿಸಿದ್ದರು. ಕಟ್ಟಬೊಮ್ಮನ ಪ್ರಕರಣದಲ್ಲಿ ಕಂದಾಯದ ಬಾಕಿಯೇ ವಿವಾದದ ಮೂಲವಾಗಿತ್ತು. ಕನ್ನಡ ಚಿತ್ರ ಬಂದುದು ರಾಜ್ಯಗಳ ಏಕೀಕರಣವಾದ 1956ರಿಂದ ಐದು ವರ್ಷಗಳ ತರುವಾಯ. ದತ್ತಕದ ತೊಡಕಾದ ವ್ಯಾಜ್ಯಕ್ಕಿಂತ ‘ಕೊಡಲೊಲ್ಲೆ’ ಎಂಬ ಒಂದು ಮಾತು ಪ್ರೇಕ್ಷಕರ ಎದೆಗೆ ಬೇಗ ನಾಟುತ್ತದೆ. ಹೀಗೆ ವಿಚಾರಮಾಡಿದಾಗ ಚಿತ್ರವು 1824ಕ್ಕೆ ಅಪೂರ್ಣ ಸಾಕ್ಷಿಯಾದರೂ 1961ರ ಕನ್ನಡಿಗರ ಮನಸ್ಸಿಗೆ ಒಳ್ಳೆಯ ಸಾಕ್ಷಿಯಾಗುತ್ತದೆ.

ನಾಡಿನಿಂದ ದೂರವಿರುವವರಿಗೆ ಅಭಿಮಾನವು ಬೇಗ ಬರುತ್ತದೆ, ಅರಿವು ತಡವಾಗಿ ಬರುತ್ತದೆ. ವೇಷಸ್ಪರ್ಧೆಯಲ್ಲಿ ರಾಣಿಯ ಮಾತನ್ನು ಒಪ್ಪಿಸಿದ ಬಾಲಿಕೆಯು ಮರುದಿನ ತರಗತಿಯಲ್ಲಿ ‘ರಾಣಿ ನಿಜವಾಗಿ ಹೋರಾಡಿದುದು ಯಾವುದಕ್ಕೆ?’ ಎಂದು ಕೇಳುವಂತಾದರೆ ಚಲಚ್ಚಿತ್ರದ ಉಪಯೋಗ ಸಾರ್ಥಕವಾಯಿತೆನ್ನಬಹುದು.